ಸಂಪಾಜೆ ಬಣ್ಣದ ಮೂಲೆ

ನಮ್ಮ ದೊಡ್ಡಮ್ಮನ ಕೈಯಿಂದ ಉಡುಗೊರೆ ಪಡೆದವರು ಸೋಮವಾರಪೇಟೆಯಲ್ಲಿ ಬೇಕಾದಷ್ಟು ಜನ ಇದ್ದರು. ಅದನ್ನು ಉಳಿಸಿಕೊಂಡವರು ಮಾತ್ರ ಒಬ್ಬರೂ ಇರಲಿಲ್ಲ! ಹಾಗಾದರೆ ಅವಳು ಜಿಪುಣಿಯೇ ಎಂದು ಕೇಳಬೇಡಿ. ಕೇಳಿದವರಿಗೆ, ಕೇಳದವರಿಗೆ, ಬೇಡವೇ ಬೇಡ ಎಂದು ಕೈಮುಗಿದವರಿಗೂ ತಾನು ದಾರದಲ್ಲಿ ಹೆಣೆದ ಲೇಸನ್ನು ಕರೆದು ಕೊಡುವ ಕೈ ಅವಳದು. ಕೊಟ್ಟು ಆರು ತಿಂಗಳಾಗಲಿ, ವರ್ಷವಾಗಲಿ, ಅದೇ ಕೈ ಅವರ ಬಾಗಿಲಲ್ಲಿ ಚಾಚಿಕೊಂಡು ನಿಲ್ಲುತ್ತಿತ್ತು ಅಷ್ಟೆ.

"ಅವತ್ತು ಒಂದು ಲೇಸ್ ಕೊಟ್ಟಿದ್ನಲ್ಲ, ಅದನ್ನ ಒಂಚೂರು ಕೊಟ್ಟಿರವ್ವ. ದಾರ ಸಾಲದಾಗೈತೆ."

ಪಾಪ, ಅವರು ಕೊಡುತ್ತಿದ್ದರು. ಕೊಡದೆ ಏನು ಮಾಡುತ್ತಾರೆ? ದೊಡ್ಡಮ್ಮ ಅಲ್ಲೇ ಜಗಲಿಯ ಮೇಲೆ ಕೂತು, ಲೇಸಿನ ಕೊನೆಯ ಗಂಟನ್ನು ಹುಡುಕಿ ಬಿಡಿಸಿ, ಒಮ್ಮೆ ಎಳೆಯುತ್ತಿದ್ದಳು. ಹೂವು, ಎಲೆ, ನವಿಲು ಎಲ್ಲ ಸರಸರನೆ ಕರಗಿ ಅವಳ ಕೈಯಲ್ಲಿ ಉಂಡೆಯಾಗುತ್ತಿತ್ತು. ಮನೆಯವರು ತಮ್ಮ ನವಿಲು ಮಾಯವಾಗುವುದನ್ನು ನೋಡುತ್ತಾ ಅವಳಿಗೆ ಕಾಫಿ ಕೊಡುತ್ತಿದ್ದರು. "ಇಷ್ಟು ಚೆನ್ನಾಗಿದ್ದದ್ದನ್ನ ಬಿಚ್ಚೋಕೆ ಮನಸ್ಸಾದ್ರೂ ಹೆಂಗೆ ಬರ್ತದೆ ನಿಂಗೆ?" ಎಂದು ನಮ್ಮಮ್ಮ ಒಮ್ಮೆ ಕೇಳಿದ್ದಕ್ಕೆ ದೊಡ್ಡಮ್ಮ, "ಲೇಸು ಅಂದ್ರೆ ಏನು? ದಾರ ಸ್ವಲ್ಪ ಹೊತ್ತು ಹಂಗೆ ಕೂತ್ಕೊಂಡಿರ್ತದೆ. ಎಬ್ಬಿಸಿದ್ರೆ ಎದ್ದು ಬತ್ತದೆ" ಎಂದಿದ್ದಳು.

ಕೊಡಗು ಆಗ ತನ್ನದೇ ಒಂದು ರಾಜ್ಯ. ಈ ಕಡೆ ಹೊಳೆ ದಾಟಿದರೆ ಮೈಸೂರು ರಾಜ್ಯ, ಆ ಕಡೆ ಸಂಪಾಜೆ ಘಾಟಿ ಇಳಿದರೆ ಮದ್ರಾಸ್ ರಾಜ್ಯ. ನಡುವೆ ಅಂಗೈ ಅಗಲದ ನಮ್ಮದು. ಆ ಅಂಗೈಯಲ್ಲಿ ಕಾಫಿ, ಏಲಕ್ಕಿ, ಮೆಣಸು, ಕಿತ್ತಳೆ ಎಲ್ಲ ಬೆಳೆಯುತ್ತಿತ್ತು. ಲೇಸಿನ ದಾರ ಬೆಳೆಯುತ್ತಿರಲಿಲ್ಲ. ದೊಡ್ಡಮ್ಮನ ಬದುಕಿನ ಸಂಕಟವೆಲ್ಲ ಇಷ್ಟೇ.

ಈ ವಿದ್ಯೆ ಅವಳಿಗೆ ಅಂಟಿದ್ದು ಮಡಿಕೇರಿಯ ಆಸ್ಪತ್ರೆಯಲ್ಲಂತೆ. ತಾಯಿಯ ಆರೈಕೆಗೆಂದು ಹೋಗಿದ್ದವಳು, ಬಿಡುವಿನಲ್ಲಿ ಲೇಸು ಹೆಣೆಯುತ್ತಿದ್ದ ನರ್ಸಮ್ಮನ ಪಕ್ಕ ಕೂತು, ತುದಿ ಬಾಗಿದ ಆ ಉಕ್ಕಿನ ಕಡ್ಡಿ ಏನು ಮಾಡುತ್ತದೆಂದು ನೋಡಿದಳು. ತಾಯಿ ಗುಣವಾಗಿ ಮನೆಗೆ ಬಂದರು; ಮಗಳ ಹುಚ್ಚು ಗುಣವಾಗಲಿಲ್ಲ. ಮಕ್ಕಳಿಲ್ಲದ ಅವಳು ಮನೆಯ ಸಾಮಾನುಗಳಿಗೆಲ್ಲ ಬಟ್ಟೆ ತೊಡಿಸತೊಡಗಿದಳು. ಹಾಲಿನ ಚೊಂಬಿಗೆ ಲೇಸು, ಕುರ್ಚಿಯ ಬೆನ್ನಿಗೆ ಲೇಸು, ಗಡಿಯಾರದ ತಲೆಗೆ ಲೇಸು. ಪಕ್ಕದ ಮನೆಯಲ್ಲಿ ಮಿಲಿಟರಿಯಿಂದ ನಿವೃತ್ತರಾಗಿ ಬಂದ ಕೊಡವರೊಬ್ಬರಿದ್ದರು. ಗೋಡೆಗೆ ಒರಗಿಸಿದ್ದ ಅವರ ಕೋವಿಯ ಬಾಯಿಗೆ ಧೂಳು ಹೋಗುತ್ತದೆಂದು ದೊಡ್ಡಮ್ಮ ಒಂದು ಪುಟ್ಟ ಟೊಪ್ಪಿಗೆ ಹೆಣೆದು ಹಾಕಿ ಬಂದಳು. ಅಂಚಿಗೆ ಮಣಿ ಬೇರೆ! ಸಂಜೆ ಅವರು ಕೋವಿ ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. ನಾವೆಲ್ಲ ಹೆದರಿ ಒಳಗೆ ಓಡಿದೆವು.

"ಇದು ಎಂಥ?" ಎಂದು ಅವರು ದೊಡ್ಡಪ್ಪನನ್ನು ಕೇಳಿದರು. "ಇದನ್ನ ಹಿಡ್ಕೊಂಡು ನಾನು ಕಾಡಿಗೆ ಹೋದ್ರೆ ಹಂದಿ ನಗಾಡ್ತದೆ."

"ಸ್ವಲ್ಪ ತಡ್ಕೊಳ್ಳಿ. ಅವಳೇ ವಾಪಸ್ ಕೇಳ್ಕೊಂಡು ಬರ್ತಾಳೆ" ಎಂದರು ದೊಡ್ಡಪ್ಪ. ಹಾಗೆಯೇ ಆಯಿತು.

ನಮ್ಮದು ಏಲಕ್ಕಿ, ಮೆಣಸಿನ ವ್ಯಾಪಾರದ ಮನೆ. ಅಪ್ಪ ಅಂಗಡಿ ನೋಡಿಕೊಂಡರೆ ದೊಡ್ಡಪ್ಪ ಮಾಲು ತೆಗೆದುಕೊಂಡು ಮೈಸೂರಿಗೂ ಮಂಗಳೂರಿಗೂ ಹೋಗಿಬರುತ್ತಿದ್ದರು. ಹೀಗಾಗಿ ಮೂರು ರಾಜ್ಯಗಳ ದಾರವೂ ದೊಡ್ಡಮ್ಮನ ಪರೀಕ್ಷೆಗೆ ಬರುತ್ತಿತ್ತು. ಆ ಪರೀಕ್ಷೆಯನ್ನು ನೀವು ನೋಡಬೇಕಿತ್ತು! ಎಳೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕಿವಿಯ ಹತ್ತಿರ ತಂದು, ಬೆರಳಲ್ಲಿ ಮೀಟುವಳು. ಆಮೇಲೆ ಕೆನ್ನೆಗೆ ಉಜ್ಜುವಳು. ಕೊನೆಗೆ ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿಕೊಂಡು ಕೂರುವಳು. ಊರಿನ ಜವಳಿ ಅಂಗಡಿಯ ಸಾಹುಕಾರರ ಮುಂದೆ ಹೀಗೆ ಕೂತವಳು ಕಣ್ಣು ತೆರೆದು, "ಮೆಣಸಿನ ಚೀಲ ಹೊಲಿಯೋಕೆ ಚೆನ್ನಾಗೈತೆ" ಎಂದು ಎದ್ದು ಬಂದಿದ್ದಳು. ಅವತ್ತಿನಿಂದ ಅವಳು ರಸ್ತೆಯ ತಿರುವಿನಲ್ಲಿ ಕಂಡರೆ ಸಾಹುಕಾರರಿಗೆ ಊಟದ ಹೊತ್ತಾಗುತ್ತಿತ್ತು.

ಅದಕ್ಕಿಂತ ದೊಡ್ಡ ರಗಳೆ ಬಣ್ಣದ್ದು. ಬಿಳಿ ದಾರಕ್ಕೆ ಬಣ್ಣವೇನು ಬಂತು ಎನ್ನುತ್ತೀರಾ? ನಾವೂ ಹಾಗೆಯೇ ಅಂದುಕೊಂಡಿದ್ದೆವು. ಮೈಸೂರಿನಿಂದ ಬಂದದ್ದು ಸುಣ್ಣದ ಬಿಳಿ. ಮಂಗಳೂರಿನದು ಕಾಯಿತುರಿಯ ಬಿಳಿ. ಮಡಿಕೇರಿಯಲ್ಲಿ ಅಪರೂಪಕ್ಕೆ ಸಿಗುತ್ತಿದ್ದದ್ದು ಮಳೆಗಾಲದಲ್ಲಿ ಒಣಗದ ಪಂಚೆಯ ಬಿಳಿ. ಒಂದೇ ಲೇಸಿನಲ್ಲಿ ಎರಡು ಬಿಳಿ ಬಂದರೆ ಅವಳಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದಷ್ಟು ಕೋಪ. ನಮ್ಮ ಕಣ್ಣಿಗೆ ಎರಡೂ ಒಂದೇ. "ಒಂದೇ ಅಲ್ವಾ ದೊಡ್ಡಮ್ಮ?" ಎಂದರೆ, "ನಿಂಗೂ ನಿಮ್ಮ ದೊಡ್ಡಪ್ಪಂಗೂ ಒಂದೇ ಕಣ್ಣು" ಎಂದು ಬೈಯುವಳು.

ಅದಕ್ಕೇ ಅವಳು ಗುಂಡಿಗೆ ದಾರ ಕಟ್ಟುವ ಪದ್ಧತಿ ತಂದದ್ದು. ಊರಿನಿಂದ ಯಾರೇ ಘಾಟಿ ಇಳಿಯಲಿ, ಹೊಳೆ ದಾಟಲಿ, ಬಸ್ಸು ಹತ್ತುವ ಮೊದಲು ದೊಡ್ಡಮ್ಮ ಬಂದು ಅವರ ಅಂಗಿಯ ಮೇಲುಗುಂಡಿಗೆ ಮಾದರಿಯ ಎಳೆಯೊಂದನ್ನು ಸುತ್ತಿ ಗಂಟು ಹಾಕುತ್ತಿದ್ದಳು. ಕಾಗದದಲ್ಲಿ ಕಟ್ಟಿಕೊಟ್ಟರೆ ಗಂಡಸರು ಕಳೆದುಬಿಡುತ್ತಾರೆ, ಅಂಗಿ ಕಳೆಯುವುದಿಲ್ಲ ಎನ್ನುವುದು ಅವಳ ಲೆಕ್ಕ. ಕೋರ್ಟಿಗೆ ಹೋಗುವವರು, ಹೆಣ್ಣು ನೋಡಲು ಹೋಗುವವರು, ಯಾರಿಗೂ ವಿನಾಯಿತಿ ಇರಲಿಲ್ಲ. ಮಂಗಳೂರು ಬಸ್ಸಿನ ಕಂಡಕ್ಟರ್ ಸಂಪಾಜೆಯವರು; ಅವರ ಖಾಕಿ ಕೋಟಿನ ಗುಂಡಿಯ ಮೇಲೆ ಒಂದು ಎಳೆ ಖಾಯಮ್ಮಾಗಿ ಇರುತ್ತಿತ್ತು. "ಎಂಥ ಮಾಡುದು ಮಾರಾಯ್ರೆ," ಎಂದು ಅವರು ಅಪ್ಪನ ಹತ್ತಿರ ನಗುತ್ತಿದ್ದರು, "ಇನ್‌ಸ್ಪೆಕ್ಟರ್ ಕೇಳಿದ್ರೆ ಹರಕೆ ಅಂತ ಹೇಳ್ತೇನೆ."

ಇಷ್ಟೆಲ್ಲ ಬಿಚ್ಚಿ, ಬೇಡಿ, ಕಟ್ಟಿ ಕೂಡಿಸಿದ ದಾರವೆಲ್ಲ ಎಲ್ಲಿ ಹೋಗುತ್ತಿತ್ತು? ನನ್ನ ಮಂಚಕ್ಕೆ! ನಾನಿನ್ನೂ ಲಂಗ ತೊಡುತ್ತಿದ್ದಾಗಲೇ ದೊಡ್ಡಮ್ಮ ನನ್ನ ಮದುವೆಗೆಂದು ಮಂಚದ ಹೊದಿಕೆಯೊಂದನ್ನು ಶುರು ಮಾಡಿದ್ದಳು. ಅಂಗೈಯಷ್ಟು ದೊಡ್ಡ ಹೂಗಳನ್ನು ಒಂದೊಂದಾಗಿ ಹೆಣೆದು ಒಂದಕ್ಕೊಂದು ಕೂಡಿಸಬೇಕು. ಎಲ್ಲವೂ ಮಂಗಳೂರಿನ ಕಾಯಿತುರಿಯ ಬಿಳಿ. ಬೇರೆ ಯಾವ ಬಿಳಿಗೂ ಅದರಲ್ಲಿ ಪ್ರವೇಶವಿಲ್ಲ. ನನ್ನ ಲಂಗ ಸೀರೆಯಾಯಿತು. ಹೊದಿಕೆ ಇನ್ನೂ ಅರ್ಧ ಮಂಚಕ್ಕೆ ಬಂದಿತ್ತು. "ಮದುವೆ ಆದ್ಮೇಲೆ ಹುಡುಗನ್ನ ಆ ಕಡೆ ಬರೀ ಮಂಚದ ಮೇಲೆ ಮಲಗಿಸೋದು" ಎಂದು ಅಪ್ಪ ತಮಾಷೆ ಮಾಡಿದರೆ ನಾನು ನಾಚಿ ಎದ್ದುಹೋಗುತ್ತಿದ್ದೆ. ಆದರೆ ಆ ಹೊದಿಕೆ ನನಗೆ ಬೇಕಿತ್ತು. ದೊಡ್ಡಮ್ಮ ಬಿಚ್ಚದೆ ಉಳಿಸಿದ್ದು ಇಡೀ ಊರಿನಲ್ಲಿ ಅದೊಂದೇ, ಮತ್ತು ಅದು ನನ್ನದು ಎನ್ನುವುದು ನನಗೆ ದೊಡ್ಡ ಹೆಮ್ಮೆ.

ಕೊಡಗು ಮೈಸೂರಿಗೆ ಸೇರುತ್ತದಂತೆ ಎಂಬ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ನಮ್ಮ ಜಗಲಿಯಲ್ಲಿ ಸಂಜೆ ಸಂಜೆ ಅದೇ ಜಗಳ. ಸೇರಬೇಕು ಎನ್ನುವವರು ಒಂದು ಬೆಂಚು, ಬೇಡ ಎನ್ನುವವರು ಒಂದು ಬೆಂಚು. ಮಂಗಳೂರಿನ ಸೀಮೆಯೂ ಅದೇ ಮೈಸೂರಿಗೆ ಬರುತ್ತದೆ ಎಂದು ಯಾರೋ ಹೇಳಿದರು. ಮಿಲಿಟರಿಯವರು ಮೇಜು ಗುದ್ದಿ ಮಾತಾಡುತ್ತಿದ್ದಾಗ ಕಾಫಿ ತಂದ ದೊಡ್ಡಮ್ಮ ತಟ್ಟೆ ಹಿಡಿದು ನಿಂತಳು.

"ರಾಜ್ಯ ಎಲ್ಲ ಒಂದಾದ್ರೆ ದಾರಾನೂ ಒಂದೇ ಬಿಳಿ ಆಗ್ತದಾ?"

ಎರಡೂ ಬೆಂಚಿನವರು ಒಟ್ಟಿಗೇ ಕಾಫಿ ಲೋಟಕ್ಕೆ ಕೈಚಾಚಿದರು.

ನನ್ನ ಮದುವೆ ನಿಶ್ಚಯವಾಯಿತು. ಹುಡುಗ ಪೊನ್ನಂಪೇಟೆಯಲ್ಲಿ ಮೇಷ್ಟರು. ದೊಡ್ಡಮ್ಮ ಹಗಲೆಲ್ಲ ಕಿಟಕಿಯ ಪಕ್ಕ ಕೂತು ಹೆಣೆದಳು. ಹೊದಿಕೆ ಬೆಳೆಬೆಳೆದು, ನಾಲ್ಕು ಮೂಲೆಗಳಲ್ಲಿ ಮೂರು ತುಂಬಿ, ನಾಲ್ಕನೆಯದಕ್ಕೆ ಬಂದಾಗ ದಾರ ಮುಗಿಯಿತು. ಬಿಚ್ಚೋಣವೆಂದರೆ ಊರಿನಲ್ಲಿ ಬಿಚ್ಚದ ಲೇಸೇ ಉಳಿದಿರಲಿಲ್ಲ. ದೊಡ್ಡಪ್ಪ ಮದುವೆಯ ಜವಳಿಗೆಂದು ಮಂಗಳೂರಿಗೆ ಹೊರಟಿದ್ದರು. ದೊಡ್ಡಮ್ಮ ಅವರ ಬಿಳಿ ಜುಬ್ಬದ ಗುಂಡಿಗೆ ಎಳೆ ಸುತ್ತಿ, ಬಿಗಿಯಾಗಿ ಗಂಟು ಹಾಕಿ, "ಕೂದಲೆಳೆ ವ್ಯತ್ಯಾಸ ಆದ್ರೂ ನಂಗೆ ಬೇಡ. ಹಗಲು ಬೆಳಕಿಗೆ ಹಿಡಿದು ನೋಡಿ ತರ್ಬೇಕು" ಎಂದು ಹೇಳಿ ಕಳಿಸಿದಳು.

ಎರಡು ದಿನ ಬಿಟ್ಟು ಬಂದ ದೊಡ್ಡಪ್ಪನ ಮುಖದಲ್ಲಿ ದಿಗ್ವಿಜಯ ಮಾಡಿಬಂದ ಕಳೆ. ಜವಳಿಯ ಗಂಟನ್ನು ಆಚೆ ತಳ್ಳಿ ಮೊದಲು ದಾರದ ಪೊಟ್ಟಣ ತೆಗೆದರು.

"ತಗೋ. ಈ ಸಲ ಒಂದು ಮಾತು ಆಡ್ಬಾರ್ದು ನೀನು."

ದೊಡ್ಡಮ್ಮ ಪೊಟ್ಟಣ ಬಿಚ್ಚಿದಳು. ಒಳಗಿನ ಉಂಡೆಗಳು ಕಾಫಿ ಸೋಸುವ ಬಟ್ಟೆಯ ಬಣ್ಣದವು.

"ಇದೇನಿದು?"

"ನೀನು ಕಟ್ಟಿದ್ದು ಇದೇ ಅಲ್ವಾ? ನೋಡು ಬೇಕಾದ್ರೆ." ಅವರು ಕತ್ತೆತ್ತಿ ಗುಂಡಿ ತೋರಿಸಿದರು. ನಾವೆಲ್ಲ ಬಗ್ಗಿ ನೋಡಿದೆವು. ಸಂಪಾಜೆ ಘಾಟಿಯ ಕೆಂಪು ಧೂಳು, ಮಂಗಳೂರಿನ ಬೆವರು, ದಾರಿಯ ಹೋಟೆಲಿನ ಕಾಫಿ ಎಲ್ಲ ಕುಡಿದು ಆ ಎಳೆ ಉಂಡೆಯ ಬಣ್ಣಕ್ಕೇ ತಿರುಗಿತ್ತು. ಕೂದಲೆಳೆ ವ್ಯತ್ಯಾಸವಿರಲಿಲ್ಲ!

"ಇಡೀ ಪ್ಯಾಟೆ ಸುತ್ತಿದೀನಿ," ಎಂದರು ದೊಡ್ಡಪ್ಪ. "ಒಂದೊಂದು ಅಂಗಡೀಲೂ ಬಿಸಿಲಿಗೆ ಬಂದು ಹಿಡಿದು ನೋಡಿದೀನಿ. ಮೊದಲ್ನೇ ಅಂಗಡಿಯೋನು ಯಾವುದೋ ಬೇರೆ ಕೊಡೋಕೆ ಬಂದ. ಸರಿಯಾಗಿ ಬೈದೆ."

"ಅದು ಹೆಂಗಿತ್ತು?"

"ಬೆಳ್ಳಗಿತ್ತು."

ಅಪ್ಪ ನಗು ತಡೆಯಲಾರದೆ ಹಿತ್ತಲಿಗೆ ಹೋದರು. ದೊಡ್ಡಮ್ಮ ಪೊಟ್ಟಣವನ್ನು ಮತ್ತೆ ಕಟ್ಟಿ ಅಟ್ಟಕ್ಕೆ ಹಾಕಿದಳು. ಆ ದಾರಕ್ಕೆ 'ಸಂಪಾಜೆ ಬಣ್ಣ' ಎಂದು ಹೆಸರಾಯಿತು. ಯಾರಾದರೂ ಅಂಗಿ ಕೊಳೆ ಮಾಡಿಕೊಂಡು ಬಂದರೆ ನಮ್ಮ ಮನೆಯಲ್ಲಿ "ಏನೋ, ಸಂಪಾಜೆಗೆ ಹೋಗಿದ್ಯಾ?" ಎಂದು ಕೇಳುವುದು ರೂಢಿಯಾಯಿತು. ಆ ಬಣ್ಣವನ್ನೇ ಹಾಕಿ ಮುಗಿಸು ಎಂದು ಅಮ್ಮ ಹೇಳಿದಳು. ಆ ಮೂಲೆ ಗೋಡೆಯ ಕಡೆ ಬರುವ ಹಾಗೆ ಹಾಸಿದರಾಯಿತು ಎಂದರು ಅಪ್ಪ. "ಗೋಡೆಗೆ ಕಾಣಲ್ವಾ?" ಎಂದಳು ದೊಡ್ಡಮ್ಮ. ನನ್ನ ಮದುವೆ ಹೊದಿಕೆಯಿಲ್ಲದೆ ನಡೆಯಿತು. ಹೊರಡುವಾಗ ನಾನು ತಾಯಿಯನ್ನು ಬಿಟ್ಟುಹೋಗುವುದಕ್ಕೆ ಅಳುತ್ತಿದ್ದೇನೆಂದು ಎಲ್ಲರೂ ಸಮಾಧಾನ ಮಾಡಿದರು. ಅರ್ಧ ಅಳು ಹೊದಿಕೆಗಾಗಿ ಎಂದು ಹೇಳಲು ನಾಚಿಕೆಯಾಯಿತು.

ಕೆಲವು ತಿಂಗಳಿಗೆ ಸುದ್ದಿ ಬಂತು. ಕಂಡಕ್ಟರ್ ಕೊನೆಗೂ ಆ ಬಿಳಿಯನ್ನೇ ಹುಡುಕಿ ತಂದರಂತೆ, ಮೂಲೆ ಮುಗಿಯಿತಂತೆ, ಹಬ್ಬಕ್ಕೆ ಬಂದಾಗ ಕೊಡುತ್ತಾಳಂತೆ. ಆದರೆ ಹಬ್ಬಕ್ಕೆ ಮೊದಲೇ ನಾನು ಊರಿಗೆ ಓಡಬೇಕಾಯಿತು. ಬೆಳಿಗ್ಗೆ ಏಲಕ್ಕಿ ಚೀಲ ತೂಗಿಸುತ್ತಿದ್ದ ದೊಡ್ಡಪ್ಪ ಎದೆ ಹಿಡಿದುಕೊಂಡು ಕೂತರಂತೆ, ಏಳಲಿಲ್ಲ. ಹೊದಿಕೆಯ ಮಾತು ಯಾರಿಗೆ ನೆನಪಿರುತ್ತದೆ? ತಿಂಗಳು ಕಳೆದರೂ ದೊಡ್ಡಮ್ಮ ಕಡ್ಡಿಯನ್ನು ಮುಟ್ಟುತ್ತಲೇ ಇಲ್ಲವೆಂದು ಅಮ್ಮ ಹೇಳಿದಳು. ಊರಿನವರು ಅವಳ ಕಣ್ಣಿಗೆ ಬೀಳದಂತೆ ಬಚ್ಚಿಟ್ಟಿದ್ದ ಚೂರುಪಾರು ಲೇಸನ್ನು ತಾವಾಗಿಯೇ ತಂದು, "ಬಿಚ್ಚಿಕೊಳ್ಳಿ ಅಕ್ಕ" ಎಂದು ಕೊಟ್ಟರೂ ಅವಳು ತೆಗೆದುಕೊಳ್ಳುತ್ತಿರಲಿಲ್ಲವಂತೆ. ಅದನ್ನು ಕೇಳಿ ನನಗೆ ಸಾವಿನ ದಿನಕ್ಕಿಂತ ಹೆಚ್ಚು ದುಃಖವಾಯಿತು.

ಮಾರನೆಯ ಬೇಸಿಗೆಯಲ್ಲಿ ಒಂದು ದಿನ ದೊಡ್ಡಮ್ಮ ಪೊನ್ನಂಪೇಟೆಯಲ್ಲಿ ಬಸ್ಸಿನಿಂದ ಇಳಿದಳು. ಅಷ್ಟರಲ್ಲಿ ಕೊಡಗು ಮೈಸೂರಿಗೆ ಸೇರಿ ಆಗಿತ್ತು. ಅವಳ ಕೈಯಲ್ಲಿ ಒಂದು ಗಂಟು. ಕಾಲು ತೊಳೆದು ಬಂದವಳೇ ನನ್ನ ಕೋಣೆಗೆ ಹೋಗಿ ಮಂಚದ ಮೇಲೆ ಹೊದಿಕೆ ಹಾಸಿದಳು. ಎಷ್ಟು ವರ್ಷದ ಹೂಗಳು! ನಾನು ಬಗ್ಗಿ ಒಂದೊಂದೇ ಮೂಲೆ ನೋಡುತ್ತಾ ಬಂದೆ. ನಾಲ್ಕನೆಯ ಮೂಲೆಗೆ ಬಂದು ನಿಂತೆ. ಅದು ಸಂಪಾಜೆ ಬಣ್ಣ.

"ಬಿಳಿ ಸಿಕ್ತು ಅಂದಿದ್ರಲ್ಲ ದೊಡ್ಡಮ್ಮ?"

"ಸಿಕ್ಕಿತ್ತು. ಹಾಕಿಯೂ ಆಗಿತ್ತು. ಬಿಚ್ಚಿಬಿಟ್ಟೆ."

ಅವಳು ಆ ಮೂಲೆಯ ಸುಕ್ಕನ್ನು ಅಂಗೈಯಲ್ಲಿ ತೀಡಿದಳು. ಬಹಳ ಹೊತ್ತು ತೀಡಿದಳು. ಅಲ್ಲಿ ಸುಕ್ಕು ಇರಲಿಲ್ಲ.

"ಆ ಬಿಸಿಲಲ್ಲಿ ಇಡೀ ಪ್ಯಾಟೆ ಸುತ್ತಿದ್ರು ಮಗ. ನಾನು ಏನು ಕಟ್ಟಿ ಕಳಿಸಿದ್ನೋ ಅದನ್ನೇ ತಂದಿದ್ರು. ತಪ್ಪೇನೂ ತಂದಿರ್ಲಿಲ್ಲ."

ಹೊದಿಕೆ ಈಗಲೂ ನನ್ನ ಹತ್ತಿರ ಇದೆ. ದೊಡ್ಡಮ್ಮ ಬದುಕಿರುವವರೆಗೂ ಅದನ್ನು ವಾಪಸು ಕೇಳಲಿಲ್ಲ. ಒಗೆದು ಒಗೆದು ಆ ಮೂಲೆಯ ಬಣ್ಣ ತಿಳಿಯಾಯಿತು, ಹಳತಾಗಿ ಹಳತಾಗಿ ಉಳಿದ ಬಿಳಿಯೆಲ್ಲ ಮಾಸಿತು. ನೆಂಟರು ಬಂದಾಗ ದೊಡ್ಡಪ್ಪನ ಮೂಲೆ ಯಾವುದು ತೋರಿಸು ಎಂದು ಮೊಮ್ಮಕ್ಕಳು ಕೇಳುತ್ತಾರೆ. ಹೊದಿಕೆಯನ್ನು ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದು ನೋಡುತ್ತೇನೆ. ಈಗೀಗ ನನಗೂ ಸುಲಭಕ್ಕೆ ಗೊತ್ತಾಗುವುದಿಲ್ಲ.