ಖುಷಿಯನ್ನು ಅಂದೇ ಕೊಡಕೂಡದೆಂಬ ಬಗ್ಗೆ

ಕಚೇರಿ: ದೇವದುರ್ಗ (ಇಲಾಖೆಯ ಹೆಸರಿನ ಫಲಕ ಬಣ್ಣ ಹೊಡೆಸಲು ಹೋಗಿದೆ, ಬಂದ ನಂತರ ನೋಡಿ ತುಂಬಿಕೊಳ್ಳುವುದು)
ಸಂಖ್ಯೆ: ಜೀಪು/ಖುಷಿ/ಮಿರ್ಚಿ/3/1981-82
ದಿನಾಂಕ: 8ನೇ ಸೆಪ್ಟೆಂಬರ್ 1981

ಸುತ್ತೋಲೆ

ವಿಷಯ: ವಾಹನ ರಿಪೇರಿ ಮೇಸ್ತ್ರಿಗಳಿಗೂ ಇತರೆ ಕೆಲಸಗಾರರಿಗೂ ಖುಷಿ ಕೊಡುವ, ಹಾಗೂ ತಪ್ಪಾಗಿ ಕೊಟ್ಟದ್ದನ್ನು ವಾಪಸು ಪಡೆಯುವ ಕುರಿತು.

ಉಲ್ಲೇಖ:
(ಅ) ಮಾನ್ವಿಯ ಲಾಲ್ ಸಾಬ್ ಮೇಸ್ತ್ರಿಯವರ ಬಾಯಿಮಾತಿನ ಉತ್ತರ.
(ಆ) ಜೀಪು ತಪಾಸಣೆಯ ಬಗ್ಗೆ ರಾಯಚೂರಿನ ಮೇಲಿನ ಕಚೇರಿಯ ಪತ್ರ.
(ಇ) ಚಾಲಕ ಉರುಕುಂದಪ್ಪನವರ ಮುಖ.

ಈ ಕಚೇರಿಯ ಜೀಪು ಕಳೆದ ತಿಂಗಳು ಮಾನ್ವಿಯಲ್ಲಿ ನಿಂತುಹೋಗಿ, ಅಲ್ಲಿನ ಬಸ್ ನಿಲ್ದಾಣದ ಹಿಂದೆ ಷೆಡ್ಡು ಹಾಕಿಕೊಂಡಿರುವ ಲಾಲ್ ಸಾಬ್ ಮೇಸ್ತ್ರಿಯವರಿಂದ ರಿಪೇರಿಯಾಯಿತು. ಕೂಲಿಯ ಬಿಲ್ಲು ಎಂದಿನಂತೆ ಪಾಸಾಗಿದ್ದು, ಅದರ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಹುಟ್ಟಿದ್ದು ಆಮೇಲೆ. ದಕ್ಷಿಣದ ಜಿಲ್ಲೆಯಿಂದ ಹೊಸದಾಗಿ ವರ್ಗವಾಗಿ ಬಂದಿರುವ ಸಾಹೇಬರು, ಎಂಜಿನ್ ಗುರುಗುಟ್ಟಿದ ಕೂಡಲೇ ಒಂದು ನೋಟನ್ನು ಮೇಸ್ತ್ರಿಯವರ ಅಂಗಿಯ ಕಿಸೆಗೆ ತುರುಕಿ, ಮೇಲಿನಿಂದ ತಟ್ಟಿರುವುದು ಕಂಡುಬಂದಿದೆ.

ಸದರಿ ಷೆಡ್ಡಿನ ಪದ್ಧತಿ ಹಾಗಲ್ಲ. ಗಾಡಿ ಹೋಗಿ, ಓಡಾಡಿ, ಮುಂದೊಮ್ಮೆ ಮಾನ್ವಿಗೆ ಬಂದಾಗ ಗಾಡಿಯವರೂ ಮೇಸ್ತ್ರಿಯೂ ಎದುರಿನ ಕನಕಮ್ಮನವರ ಹೋಟೆಲಿನಲ್ಲಿ ಕೂತು, ಗಾಡಿಯವರ ಖರ್ಚಿನಲ್ಲಿ ಒಗ್ಗರಣಿ-ಮಿರ್ಚಿ (ಅಂದರೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ) ತಿನ್ನುವುದಕ್ಕೆ ಅಲ್ಲಿ ಖುಷಿ ಎನ್ನುತ್ತಾರೆ. ಅಂದೇ ಕೈಗಿಟ್ಟರೆ ‘ನಿಮ್ಮ ಹಂಗು ತೀರಿತು, ಇನ್ನು ಈ ಕಡೆ ಬರುವುದಿಲ್ಲ’ ಎಂದು ಅರ್ಥ. ಚಾಲಕ ಉರುಕುಂದಪ್ಪನವರು “ಈಗ ಬ್ಯಾಡ್ರಿ ಸಾಹೇಬ್ರ, ಮುಂದ ಬಂದಾಗ ಕೊಡೂಣ್ರಿ” ಎಂದು ಕಿವಿಯಲ್ಲಿ ಹೇಳಿದರು. ಸಾಹೇಬರು ಇದನ್ನು ಮಿತವ್ಯಯವೆಂದು ತಿಳಿದು ಚಾಲಕರನ್ನು ಹೊಗಳಿ, ನೋಟನ್ನು ಕೊಟ್ಟೇಬಿಟ್ಟರು.

ಜೀಪು ವಾಪಸು ಬರುವಾಗ ಅರಕೇರಾದ ಬಳಿ ಬೇರೊಂದು ಕಾರಣಕ್ಕೆ ನಿಂತಿತು. ಎತ್ತು ಕಟ್ಟಿ ಎಳೆಸಿ ಕಚೇರಿಯ ಅಂಗಳಕ್ಕೆ ತರಲಾಗಿದೆ. ಮೇಸ್ತ್ರಿಯವರಿಗೆ ಹೇಳಿ ಕಳಿಸಿದಾಗ ಬಂದ ಉತ್ತರವನ್ನು ಇದ್ದಂತೆಯೇ ದಾಖಲಿಸಿದೆ: “ಮಂದಿ ಮುಂದ ಕಿಸೆ ಬಡದು, ಎಲ್ಲಾ ಚುಕ್ತಾ ಮಾಡಿ ಹೋದ್ರಿ. ಇನ್ನ ನಮ್ದು ನಿಮ್ದು ಏನದ? ಬ್ಯಾರೆ ಮೇಸ್ತ್ರಿ ನೋಡ್ಕೊಳ್ರಿ.” ಬೇರೆ ಮೇಸ್ತ್ರಿಗಳನ್ನು ನೋಡಲಾಯಿತು. ಅವರೂ ಜೀಪನ್ನು ನೋಡಿದರು. ನೋಡಿ ಹೋದರು.

ಈ ನಡುವೆ ಗುರುವಾರ ರಾಯಚೂರಿನಿಂದ ತಪಾಸಣಾ ತಂಡ ಬರಲಿದೆ. ಅಂದು ಜೀಪು ನಡೆಯದಿದ್ದರೆ ಹರಾಜು. ಜೀಪು ಹರಾಜಾದರೆ ಉರುಕುಂದಪ್ಪನವರ ಹಂಗಾಮಿ ಹುದ್ದೆ ತಾನಾಗಿ ರದ್ದು. ಅವರು ದಿನವೂ ಬಂದು, ನಿಂತ ಜೀಪನ್ನು ಒರೆಸಿ, ಒಳಗೆ ಕೂತು, ಸಂಜೆ ಇಳಿದು ಹೋಗುತ್ತಿದ್ದಾರೆ. ಈ ಕಚೇರಿಗೆ ಅವರ ಮೇಲೆ ಮಮತೆಯಿದೆ. ಮಮತೆಗೆ ಪ್ರತ್ಯೇಕ ನಮೂನೆ ಇಲ್ಲದ್ದರಿಂದ ಇಲ್ಲಿಯೇ ನಮೂದಿಸಿದೆ.

ಆದುದರಿಂದ ಸಮಸ್ತ ಸಿಬ್ಬಂದಿಗೆ, ವಿಶೇಷವಾಗಿ ಕಿಸೆಗೆ ಕೈ ಬೇಗ ಹೋಗುವ ಸಿಬ್ಬಂದಿಗೆ, ಈ ಮೂಲಕ ಸೂಚಿಸಲಾಗಿದೆ:

1. ಖುಷಿ ಕೊಡಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಇನ್ನು ಯಾರೂ ಎತ್ತತಕ್ಕದ್ದಲ್ಲ. ಕೊಡಬೇಕು. ಯಾವಾಗ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಉತ್ತರ: ಮುಂದ ಬಂದಾಗ.

2. ಯಾವುದೇ ಅಧಿಕಾರಿಯ ಕೈ ಇನ್ನೊಬ್ಬರ ಕಿಸೆಯನ್ನು ಪ್ರವೇಶಿಸತಕ್ಕದ್ದಲ್ಲ. ತಟ್ಟುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ. ತಟ್ಟಲೇಬೇಕೆಂಬ ಒತ್ತಡ ಉಂಟಾದಲ್ಲಿ ಜೀಪಿನ ಬಾನೆಟ್ಟನ್ನು ತಟ್ಟಬಹುದು. ಎಂಜಿನ್ ಬಿಸಿಯಿರುವಾಗ ಆಗುವ ಪರಿಣಾಮಕ್ಕೆ ಕಚೇರಿ ಹೊಣೆಯಲ್ಲ.

3. ಮೇಸ್ತ್ರಿಯವರು ಗಾಡಿಯ ಕೆಳಗಿರುವಾಗ “ಆಯ್ತಾ?” ಎಂದು ಕೇಳತಕ್ಕದ್ದಲ್ಲ. ಹೊರಗೆ ಕಾಣುವ ಕಾಲುಗಳನ್ನು ಉದ್ದೇಶಿಸಿ ಮಾತನಾಡುವುದು ಶಿಷ್ಟಾಚಾರವಲ್ಲ.

4. ಒಗ್ಗರಣಿ-ಮಿರ್ಚಿ ತಿನ್ನುವಾಗ ಅಧಿಕಾರಿಯು ಅದೇ ಬೆಂಚಿನ ಮೇಲೆ ಕೂರತಕ್ಕದ್ದು. ಕರ್ಚೀಫು ಹಾಸಿಕೊಳ್ಳುವುದನ್ನು ಪ್ರತ್ಯೇಕ ಬೆಂಚೆಂದು ಪರಿಗಣಿಸಲಾಗುವುದು. ಹೊರ ಜಿಲ್ಲೆಯವರಿಗೆ ಖಾರದಿಂದ ಬರುವ ಕಣ್ಣೀರನ್ನು ಸ್ವಂತ ಖರ್ಚಿನಲ್ಲಿ ಭರಿಸತಕ್ಕದ್ದು.

5. ಇತರೆ ಕೆಲಸಗಾರರಿಗೆ ಇದೇ ನಿಯಮ ಅನ್ವಯಿಸುವುದು ಹೀಗೆ:

(ಅ) ಪಂಕ್ಚರ್ ಅಂಗಡಿಯ ಜಿಲಾನಿ ಪಾಷಾ ಅವರಿಗೆ ಮುಂದಿನ ಪಂಕ್ಚರಿನ ದಿನ. ನಮ್ಮ ರಸ್ತೆಗಳನ್ನು ಗಮನಿಸಿದರೆ ಅವರು ಬಹಳ ಕಾಯಬೇಕಾಗುವುದಿಲ್ಲ.

(ಆ) ಕ್ಷೌರಿಕರಿಗೆ ಮುಂದಿನ ಕ್ಷೌರದ ದಿನ. ಕೂದಲು ಮತ್ತೆ ಬೆಳೆಯುವ ಭರವಸೆ ಇಲ್ಲದ ಸಿಬ್ಬಂದಿ ಮೀಸೆಯ ಆಧಾರದ ಮೇಲೆ ಅರ್ಜಿ ಸಲ್ಲಿಸಬಹುದು.

(ಇ) ಸೂಲಗಿತ್ತಿ ದುರುಗಮ್ಮನವರಿಗೆ ಮುಂದಿನ ಹೆರಿಗೆಯ ದಿನ ಎಂದು ಮೊದಲು ಬರೆಯಲಾಗಿತ್ತು. ಇದು ಚಿಕ್ಕ ಸಂಸಾರದ ಪ್ರಚಾರಕ್ಕೆ ವಿರುದ್ಧವೆಂದು ಆರೋಗ್ಯದವರು ಆಕ್ಷೇಪಿಸಿದ್ದಾರೆ. ಆದಕಾರಣ ಇದೊಂದನ್ನು ಅಂದೇ ಕೊಟ್ಟು, ಹಂಗು ತೀರಿತೆಂದೇ ಭಾವಿಸತಕ್ಕದ್ದು.

(ಈ) ಸ್ಮಶಾನದಲ್ಲಿ ಕುಣಿ ತೋಡುವವರಿಗೆ ‘ಮುಂದ ಬಂದಾಗ’ ಎನ್ನುವ ಬಗ್ಗೆ ಸ್ಪಷ್ಟೀಕರಣ ಕೋರಲಾಗಿದೆ. ಅಲ್ಲಿಯವರೆಗೆ ಸಿಬ್ಬಂದಿ ಆರೋಗ್ಯದಿಂದಿರತಕ್ಕದ್ದು.

6. ಅರಕೇರಾದಿಂದ ಜೀಪು ಎಳೆದ ಎತ್ತುಗಳಿಗೆ ಮುಂದಿನ ಸಲ ಖುಷಿ ಎಂದರೆ, ಜೀಪು ಮತ್ತೆ ನಿಲ್ಲಲಿ ಎಂದು ಹಾರೈಸಿದಂತಾಗುತ್ತದೆ. ಸದರಿ ಎತ್ತುಗಳಿಗೆ ನಿಯಮ ಸಡಿಲಿಸಿ ತಕ್ಷಣ ಬೆಲ್ಲ ತಿನ್ನಿಸಲಾಗಿದೆ. ಎತ್ತುಗಳ ಸಹಿ ದೊರೆಯದ ಕಾರಣ ನಾಲಿಗೆಯ ಗುರುತನ್ನು ವೋಚರಿಗೆ ಲಗತ್ತಿಸಿದೆ.

7. ಸಾಹೇಬರು ಉರುಕುಂದಪ್ಪನವರೊಡನೆ ಕೆಂಪು ಬಸ್ಸಿನಲ್ಲಿ ಮಾನ್ವಿಗೆ ಹೋಗಿ, ಕೊಟ್ಟ ನೋಟನ್ನು ವಾಪಸು ಪಡೆಯತಕ್ಕದ್ದು. ಷೆಡ್ಡಿನ ಮುಂದೆ ಅಧಿಕಾರಿಯೊಬ್ಬರು ಮೇಸ್ತ್ರಿಯಿಂದ ನೋಟು ಪಡೆಯುವುದು ನೋಡಿದವರಿಗೆ ಲಂಚದಂತೆ ಕಾಣಬಹುದು. ಹಾಗೆ ಕಾಣದಿರಲು, ಪಡೆಯುವಾಗ ಮುಖ ಸಣ್ಣದು ಮಾಡಿಕೊಂಡಿರತಕ್ಕದ್ದು. ಲಂಚ ಪಡೆಯುವವರು ಮುಖ ಸಣ್ಣದು ಮಾಡಿಕೊಂಡ ಉದಾಹರಣೆ ಈ ಕಚೇರಿಯ ಕಡತಗಳಲ್ಲಿ ಇಲ್ಲ.

8. ವಾಪಸು ಬಂದ ನೋಟನ್ನು ಯಾವ ಲೆಕ್ಕಶೀರ್ಷಿಕೆಗೆ ಜಮಾ ಮಾಡಬೇಕೆಂದು ಯಾರೂ ಈ ಗುಮಾಸ್ತನನ್ನು ಕೇಳತಕ್ಕದ್ದಲ್ಲ. ಈ ಗುಮಾಸ್ತನಿಗೂ ರಾತ್ರಿ ನಿದ್ದೆ ಬರಬೇಕು.

ತಿದ್ದುಪಡಿ (ಬುಧವಾರ ಸಂಜೆ, ಸೈಕ್ಲೋಸ್ಟೈಲಿಗೆ ಹಾಕುವ ಮೊದಲು ಸೇರಿಸಿದ್ದು):

ಕಲಂ 7 ಈ ದಿನ ಜಾರಿಯಾಗಿದೆ. ಸಾಹೇಬರು ಷೆಡ್ಡಿನ ಮುಂದೆ, ಇದ್ದ ಮಂದಿಯೆಲ್ಲ ಕೇಳುವಂತೆ, “ತಪ್ಪಾಯ್ತು ಮೇಸ್ತ್ರೀ, ಅದನ್ನ ವಾಪಸ್ ಕೊಡಿ, ನಾವು ಮತ್ತೆ ಬರೋರು” ಎಂದು ಹೇಳಿದ್ದಾಗಿ ಉರುಕುಂದಪ್ಪನವರು ವರದಿ ಮಾಡಿದ್ದಾರೆ. ನೋಟನ್ನು ಮೇಸ್ತ್ರಿಯವರು ಮುಟ್ಟಿಯೇ ಇರಲಿಲ್ಲ. ಅದು ಅದೇ ಕಿಸೆಯಲ್ಲಿ ಅಂಗಿಯೊಡನೆ ಒಗೆಸಿಕೊಂಡು, ಮುದ್ರೆಯ ಸಿಂಹಗಳ ಸಮೇತ ಬಿಳಿಚಿಕೊಂಡಿತ್ತು. ಸಾಹೇಬರ ಮುಖ ನಿಯಮಾನುಸಾರ ಸಣ್ಣದಾಗಿತ್ತು. ಅದನ್ನು ಕಂಡು ಲಾಲ್ ಸಾಬರಿಗೆ ನಗು ಬಂತು. ಪಾನಾ-ಸುತ್ತಿಗೆಗಳ ಚೀಲ ಹೆಗಲಿಗೇರಿಸಿ ಅವರೂ ಅದೇ ಬಸ್ಸು ಹತ್ತಿದರು.

ಹೊತ್ತು ಮುಳುಗುವ ಮುನ್ನ ಅಂಗಳದಲ್ಲಿ ಜೀಪು ಗುರುಗುಟ್ಟಿತು. ಉರುಕುಂದಪ್ಪನವರು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಎದ್ದೇಳಲಿಲ್ಲ. ಸದರಿ ಅವಧಿಯನ್ನು ಕರ್ತವ್ಯವೆಂದೇ ಪರಿಗಣಿಸಲಾಗಿದೆ. ಸಾಹೇಬರ ಕೈ ಅಭ್ಯಾಸಬಲದಿಂದ ಕಿಸೆಗೆ ಹೋಯಿತು. ಈ ಗುಮಾಸ್ತ ಕೆಮ್ಮಿದ. ಕೈ ಕರ್ಚೀಫಿನೊಡನೆ ಹೊರಬಂತು. ಲಾಲ್ ಸಾಬರು ಹೋಗುವಾಗ “ಮಿರ್ಚಿ ಮುಂದ ಬಂದಾಗ ತಿನ್ನೂಣ್ರಿ ಸಾಹೇಬ್ರ, ಕನಕಮ್ಮಗ ಹೇಳಿಟ್ಟೀನಿ” ಎಂದರು.

ಆದುದರಿಂದ ಕೊನೆಯದಾಗಿ ಆದೇಶಿಸುವುದೇನೆಂದರೆ: ಲಾಲ್ ಸಾಬ್ ಮೇಸ್ತ್ರಿಯವರೊಡನೆ ಈ ಕಚೇರಿಯ ಒಂದು ಖುಷಿ ಸದಾ ಉಳಿದಿರತಕ್ಕದ್ದು. ಒಂದನ್ನು ತಿಂದ ದಿನವೇ ಇನ್ನೊಂದು ಹುಟ್ಟಿಕೊಳ್ಳುವಂತೆ ಜೀಪು ಸಹಕರಿಸತಕ್ಕದ್ದು.

ಸಹಿ/-
(ಮರಿಸ್ವಾಮಿ)
ಮುಖ್ಯ ಗುಮಾಸ್ತ ಹಾಗೂ ಪ್ರಭಾರ,
ಸಾಹೇಬರು ಬಸ್ಸಿನಲ್ಲಿದ್ದ ಅವಧಿಗೆ ಮಾತ್ರ

ಪ್ರತಿಗಳು:

1. ಸಾಹೇಬರಿಗೆ: ಮಾಹಿತಿಗಾಗಿ, ಹಾಗೂ ಕಲಂ 2ನ್ನು ಮತ್ತೊಮ್ಮೆ ಓದುವುದಕ್ಕಾಗಿ.
2. ಲಾಲ್ ಸಾಬ್ ಮೇಸ್ತ್ರಿ, ಮಾನ್ವಿ: ಕೈಗೆ ಕೊಡುವುದು. ಕಿಸೆಗೆ ಇಡಕೂಡದು.
3. ಕನಕಮ್ಮನವರು, ಹೋಟೆಲು, ಮಾನ್ವಿ: ಸಾಹೇಬರ ತಟ್ಟೆಗೆ ಖಾರ ಕಡಿಮೆ ಮಾಡಬಾರದಾಗಿ ಕೋರಿಕೆ.
4. ಎತ್ತುಗಳು, ಅರಕೇರಾ: ಒಡೆಯರ ಮುಖಾಂತರ. ತಿನ್ನದಂತೆ ನೋಡಿಕೊಳ್ಳುವುದು.
5. ತಪಾಸಣಾ ತಂಡ, ರಾಯಚೂರು: ತಾವು ಗುರುವಾರ ಬಸ್ಸಿಗೆ ಕಾಯಬೇಕಾಗಿಲ್ಲ. ತಾವು ತಪಾಸಣೆ ಮಾಡಬೇಕಾದ ಜೀಪೇ ತಮ್ಮನ್ನು ಕರೆಯಲು ಬರುತ್ತಿದೆ. ಚಾಲಕ ಉರುಕುಂದಪ್ಪನವರಿಗೆ ಅಂದೇ ಏನನ್ನೂ ಕೊಡಬಾರದಾಗಿ ವಿನಂತಿ. ಮುಂದ ಬಂದಾಗ ಕೊಡುವುದು.