ತೊಂಬತ್ತರ ಆಗಸ್ಟಿನ ಏಸಿ

ವಿಶ್ವವಿದ್ಯಾನಿಲಯ ನನಗೆ ಕಲಿಸಿದ್ದು ಒಂದೇ, ಯಾವುದನ್ನೂ ಸುಲಭಕ್ಕೆ ನಂಬಬಾರದು. ಹಾಗಾಗಿ ಈಚೆಗೆ ನನ್ನ ನೆನಪನ್ನೂ ನಂಬುವುದು ಬಿಟ್ಟಿದ್ದೇನೆ. ಹೆಂಡತಿ ಅದನ್ನು ಮದುವೆಯಾದ ವರ್ಷವೇ ಬಿಟ್ಟಿದ್ದಳು.

ಕಳೆದ ಡಿಸೆಂಬರಿನಲ್ಲಿ, ಅಂದರೆ ತೊಂಬತ್ತೇಳರ ಕೊನೆಗೆ, ಜಪಾನಿನಲ್ಲಿ ಸಭೆ ಸೇರಿದ ದೇಶಗಳು ಹೊಗೆ ಕಡಿಮೆ ಮಾಡುವ ಒಪ್ಪಂದ ಮಾಡಿಕೊಂಡವು. ಶ್ರೀಮಂತ ದೇಶಗಳು ತೊಂಬತ್ತನೇ ಇಸವಿಯಲ್ಲಿ ಎಷ್ಟು ಹೊಗೆ ಬಿಟ್ಟಿದ್ದವೋ ಅದರಿಂದ ಲೆಕ್ಕ ಹಿಡಿದು ಇಳಿಸಬೇಕು, ಉಳಿದವರಿಗೆ ಗುರಿಯಿಲ್ಲ. ಒಬ್ಬ ಇಳಿಸಿ ಪಕ್ಕದವನು ಏರಿಸಿದರೆ ಆಕಾಶಕ್ಕೇನು ಲಾಭ, ತಮಗೆ ಅನುಕೂಲವಾದ ವರ್ಷವನ್ನೇ ಹಿಡಿದ ಕಳ್ಳರಿವರು ಎಂದು ಈ ಕೊಲ್ಲಿ ದೇಶದ ಡಿಪ್ಲೊಮ್ಯಾಟಿಕ್ ಏರಿಯಾದ ನಮ್ಮ ಆಫೀಸಿನಲ್ಲಿ ತಿಂಗಳುಗಟ್ಟಲೆ ವಾದಿಸಿದೆ. ಯಾರೂ ಕೇಳಲಿಲ್ಲ. ಕೊನೆಗೆ ಈ ಆಗಸ್ಟಿನಲ್ಲಿ ಸನದ್ ಎಂಬ ಊರಿನ ನಮ್ಮ ಮನೆಯಲ್ಲೇ ಪ್ರಯೋಗಕ್ಕಿಳಿದೆ. ಎರಡು ರೂಮು, ಎರಡು ಏಸಿ. ಪ್ರತಿಯೊಂದೂ ತೊಂಬತ್ತರ ಆಗಸ್ಟಿನಲ್ಲಿ ಓಡಿದ್ದಕ್ಕಿಂತ ಒಂದು ಗಂಟೆಯಾದರೂ ಕಡಿಮೆ ಓಡಬೇಕು.

ಮಗಳು ಮೊದಲ ದಿನವೇ ಗುರಿ ಮುಟ್ಟಿದಳು. ತನ್ನ ಏಸಿ ಆರಿಸಿ, ಹಾಸಿಗೆ ಎಳೆದುಕೊಂಡು ನಮ್ಮ ರೂಮಿಗೆ ಬಂದಳು. ಅಲ್ಲಿನ ಏಸಿ ಹಗಲೂ ಇರುಳೂ ಗುಡುಗತೊಡಗಿತು. ಹೊರಗಿನ ಮೀಟರಿನ ಚಕ್ರಕ್ಕೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ.

"ನನ್ನ ರೂಮಿನ ಟಾರ್ಗೆಟ್ ಫಿನಿಶ್, ಪಪ್ಪಾ. ನಿಮ್ಮದು ನೀವು ನೋಡ್ಕೊಳ್ಳಿ."

"ಹಾಗಾದ್ರೆ ಇಲ್ಲೂ ಇಳಿಸುವ," ಎಂದೆ. "ತೊಂಬತ್ತರಲ್ಲಿ ಇದು ದಿನವಿಡೀ ಓಡ್ತಿತ್ತು. ನಿಮ್ಮಮ್ಮ ಚಳಿ ಅಂತ ಕಂಬಳಿ ಹೊದ್ದದ್ದು ನಂಗೆ ಸರೀ ನೆನಪುಂಟು."

ಹೆಂಡತಿ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು. "ಅದು ಎಂಬತ್ತೊಂಬತ್ತು ಮಾರಾಯ್ರೆ. ತೊಂಬತ್ತರ ಜುಲೈಯಲ್ಲಿ ಕುವೈತಿನ ಗಲಾಟೆಯ ಸುದ್ದಿ ಬಂದ ಕೂಡ್ಲೇ ನಮ್ಮನ್ನು ಉಡುಪಿಗೆ ಅಟ್ಟಿದ್ರಲ್ಲ. ನೀವು ಒಬ್ರೇ ಮಲಗ್ಲಿಕ್ಕೆ ಹೆದರಿ ಈಸಾ ಟೌನಿನಲ್ಲಿ ಭಾವನ ಮನೆ ಸೇರಿದ್ರಿ. ಇಲ್ಲಿ ಏಸಿ ಹಾಕಿದ್ದು ಯಾರು, ಹಲ್ಲಿಯಾ?"

ಆ ತಿಂಗಳ ಲೆಕ್ಕ ಸೊನ್ನೆ. ಸೊನ್ನೆಗಿಂತ ಒಂದು ಗಂಟೆ ಕಡಿಮೆ ಓಡಿಸುವ ವಿದ್ಯೆ ನನ್ನ ಎಂ.ಎಸ್ಸಿ.ಯಲ್ಲಿರಲಿಲ್ಲ. ಎಂಬತ್ತೊಂಬತ್ತನ್ನೇ ಹಿಡಿಯೋಣ ಎನ್ನಲು ಬಾಯಿ ತೆರೆದೆ. ಆಫೀಸಿನ ಭಾಷಣ ನೆನಪಾಗಿ ಮುಚ್ಚಿದೆ. ಬೇಡದ್ದು ಮಾತ್ರ ಸರಿಯಾಗಿ ನೆನಪಿರುತ್ತದೆ.

"ಏಸಿ ಆರಿಸು," ಎಂದೆ.

"ನಾವ್ಯಾಕೆ ಆರಿಸ್ಬೇಕು? ನಾವು ಆಗ ಇಲ್ಲಿ ಇರ್ಲೇ ಇಲ್ಲ. ಇಲ್ಲದವರಿಗೆ ಎಂತ ಟಾರ್ಗೆಟ್? ನೀವು ಒಪ್ಪಿದ್ದು, ನೀವೇ ಪಾಲಿಸಿ," ಎಂದಳು ಹೆಂಡತಿ.

ಹೀಗಾಗಿ ಗುರಿಗೆ ಬದ್ಧವಾದ ಏಕೈಕ ರಾಷ್ಟ್ರ ಈ ಶುಕ್ರವಾರ ಮಧ್ಯಾಹ್ನ ಹೊರಗಿನ ಹಾಲ್‌ನಲ್ಲಿ, ಬಿಸಿಗಾಳಿ ಕಡೆಯುವ ಫ್ಯಾನಿನ ಕೆಳಗೆ, ಬನಿಯನ್ ಹಿಂಡುತ್ತ ಕೂತಿದೆ. ಮೀಟರಿನ ಚಕ್ರ ಮೊದಲಿನಷ್ಟೇ ಉತ್ಸಾಹದಿಂದ ತಿರುಗುತ್ತಿದೆ.

"ಪಪ್ಪಾ, ಬಾಗಿಲು ಹಾಕಿ," ಒಳಗಿನಿಂದ ಮಗಳು ಕೂಗಿದಳು. "ತಂಪೆಲ್ಲ ವೇಸ್ಟ್ ಆಗ್ತಾ ಉಂಟು."

ಮಾತು ನ್ಯಾಯವಾದದ್ದೇ. ಎದ್ದು ಹೋಗಿ ಹಾಕಿದೆ, ಹೊರಗಿನಿಂದ.