ಹಪ್ಪಳಕ್ಕೆ ಬಿದ್ದ ಫೀಸುಗಳು

ಆನ್‌ಲೈನ್‌ನಲ್ಲಿ ಹಪ್ಪಳ ಮಾರುವುದು ಸುಲಭ. ಮಾರಿದ್ದರಲ್ಲಿ ಯಾರ್‍ಯಾರು ಎಷ್ಟೆಷ್ಟು ಹಿಡಿದುಕೊಂಡರು ಅಂತ ನಮ್ಮ ಸಂಘದ ಹೆಂಗಸರಿಗೆ ವಿವರಿಸುವುದಿದೆಯಲ್ಲ, ಅದು ಕಷ್ಟ. ವಾರಕ್ಕೊಮ್ಮೆಯಾದರೂ ಆ ಕಷ್ಟ ನನಗೆ ಬರುತ್ತದೆ. ಮನೆಗೆ ಬಂದು ದಿಂಬಿಗೆ ಮುಖ ಒತ್ತಿ ನಗುತ್ತೇನೆ.

ಸಾಗರದ ನಮ್ಮ ಬೀದಿಯ ಮಹಿಳಾ ಸಂಘದ್ದು ಹಲಸಿನ ಹಪ್ಪಳ. ಮೊದಲು ಪೇಟೆಯ ಅಂಗಡಿಯೊಂದು ತಾನು ಹೇಳಿದ್ದೇ ರೇಟಿಗೆ ಒಯ್ಯುತ್ತಿತ್ತು. ಆನ್‌ಲೈನ್‌ನಲ್ಲಿ ಮಾರೋಣ ಅಂತ ಬಾಯಿಬಿಟ್ಟವಳು ನಾನು. ಸಭೆಯಲ್ಲಿ ನಾನು ಅಲ್ಲಿಯವರೆಗೆ ಆಡಿದ್ದು ಅದೊಂದೇ ಮಾತು. ಸಂಘದ ಅಧ್ಯಕ್ಷೆ ನನ್ನ ಸೋದರತ್ತೆ. ಕನ್ನಡಕದ ಮೇಲಿಂದ ನನ್ನನ್ನೇ ನೋಡಿ, "ಮೂರು ತಿಂಗಳು ನೋಡನ ಕೂಸೇ. ಅಂಗಡಿಗಿಂತ ಜಾಸ್ತಿ ಉಳಿದ್ರೆ ಸರಿ, ಇಲ್ದಿದ್ರೆ ಮತ್ತೆ ಅಂಗಡಿಗೇ" ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ.

ಚೌಕಾಶಿ

ಹಪ್ಪಳ ಮಾರಿಕೊಡುವ ಆನ್‌ಲೈನ್ ಕಂಪನಿಯ ಮೊದಲ ಬಿಲ್ಲಿನಲ್ಲಿ ನೂರಕ್ಕೆ ಹದಿನೈದು ಕಮಿಷನ್. ಸಂತೆಯಲ್ಲಿ ಬದನೆಕಾಯಿಯವರನ್ನೇ ಅಳಿಸಿ ಬರುವ, ತೀರ್ಥಹಳ್ಳಿ ಕಡೆಯ ಸದಸ್ಯೆಯೊಬ್ಬರಿದ್ದಾರೆ. "ಫೋನ್ ಹಚ್ಚು, ನಾನು ಮಾತಾಡ್ತೀನಿ" ಅಂದರು. ಹಚ್ಚಿದೆ. ಆ ಕಡೆ ಎತ್ತಿದ್ದು ಯಂತ್ರ.

"ದಯವಿಟ್ಟು ನಿಮ್ಮ ಸಮಸ್ಯೆಯನ್ನು ತಿಳಿಸಿ."

"ಹದಿನೈದು ಜಾಸ್ತಿ ಆಯ್ತು. ಎಂಟು ಮಾಡ್ಕೊಳ್ಳಿ."

"ಕ್ಷಮಿಸಿ, ಅರ್ಥವಾಗಲಿಲ್ಲ."

"ಆಯ್ತು, ಒಂಬತ್ತು."

"ಕ್ಷಮಿಸಿ, ಅರ್ಥವಾಗಲಿಲ್ಲ."

"ಗಟ್ಟಿ ಇದಾಳೆ" ಅಂತ ನಮ್ಮ ಕಡೆ ಕಣ್ಣು ಹೊಡೆದರು. "ಹತ್ತು. ಇದರ ಮೇಲೆ ಒಂದು ಪೈಸೆ ಹತ್ತಲ್ಲ."

"ಕರೆ ಮಾಡಿದ್ದಕ್ಕೆ ಧನ್ಯವಾದಗಳು." ಫೋನ್ ಕಟ್ಟಾಯಿತು.

ಅವರು ಸೆರಗು ಸರಿಮಾಡಿಕೊಂಡು ನನಗೆ ಹೇಳಿದರು: "ಹತ್ತಕ್ಕೆ ಒಪ್ಪಿದ್ಲು. ಬರ್ಕೊಳೇ."

ಒತ್ತಿ ಆಶೀರ್ವದಿಸಿ

ಜಾಹೀರಾತಿಗೆ ಬೇರೆ ಫೀಸು. ನಮ್ಮ ಹಪ್ಪಳದ ಚಿತ್ರ ಎಲ್ಲಕ್ಕಿಂತ ಮೇಲೆ ಕಾಣುತ್ತದೆ. ಯಾರಾದರೂ ಅದನ್ನು ಒತ್ತಿ ನೋಡಿದರೆ, ಕೊಳ್ಳಲಿ ಬಿಡಲಿ, ಪ್ರತಿ ಸಲ ಒತ್ತಿದ್ದಕ್ಕೂ ನಾವು ದುಡ್ಡು ಕೊಡಬೇಕು. ದಿನಕ್ಕೆ ಇನ್ನೂರು ರೂಪಾಯಿ ಇಟ್ಟೆ. ಹತ್ತು ಗಂಟೆಗೆ ಶುರುವಾದದ್ದು ಹತ್ತೂವರೆಗೆ ಖಾಲಿ. ಒಂದು ಹಪ್ಪಳವೂ ಮಾರಿರಲಿಲ್ಲ.

ಸಂಘದ ವಾಟ್ಸಾಪ್ ಗುಂಪು ತೆರೆದಾಗ ಗೊತ್ತಾಯಿತು. "ನಮ್ಮ ಹಪ್ಪಳ ಫೋನಲ್ಲಿ ಬಂದಿದೆ! ಎಲ್ಲರೂ ಒತ್ತಿ ಆಶೀರ್ವದಿಸಿ." ಕಳಿಸಿದವರು ನಮ್ಮ ಖಜಾಂಚಿ. ನೆಂಟರಿಷ್ಟರೆಲ್ಲ ಆಶೀರ್ವದಿಸಿಯೂ ಆಗಿತ್ತು.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋಗಿ ಮೆಲ್ಲಗೆ ವಿಷಯ ಹೇಳಿದೆ. ಮುಖ ಸಣ್ಣದಾಯಿತು. "ಅಯ್ಯೋ, ನಾನೇ ಹನ್ನೊಂದು ಸಲ ಒತ್ತಿದ್ನಲ್ಲೇ! ತಡಿ ಮಾರಾಯ್ತಿ, ಎಲ್ಲಿ ಒತ್ತಿದ್ರೆ ದುಡ್ಡು ವಾಪಸ್ ಬರುತ್ತೆ ನೋಡ್ತೀನಿ" ಅಂತ ಇನ್ನೂ ನಾಲ್ಕು ಸಲ ಒತ್ತಿದರು.

ಮರ್ಯಾದೆ

ಹೊಸನಗರದಿಂದ ಒಂದು ಪೊಟ್ಟಣ ವಾಪಸ್ ಬಂತು. ಬಾಗಿಲಲ್ಲಿ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಆರ್ಡರು. ಬೇಡ ಅಂದರೆ ಹೋಗುವ ಖರ್ಚು, ಬರುವ ಖರ್ಚು ಎರಡೂ ನಮ್ಮ ತಲೆಗೆ. ವಿಳಾಸ ನೋಡಿದರೆ ಖಜಾಂಚಿಯವರ ಸ್ವಂತ ಅಕ್ಕ! ಖಜಾಂಚಿ ಅಲ್ಲೇ ಫೋನ್ ಮಾಡಿದರು.

"ಎಂತಕ್ಕೆ ವಾಪಸ್ ಕಳ್ಸಿದ್ದು ಅಕ್ಕ?"

"ಮತ್ತೆಂತ ಮಾಡ್ಲಿ? ತಂಗಿ ಮಾಡಿದ ಹಪ್ಪಳ ಅಂತ ತರಿಸಿದ್ರೆ, ತಂದವನು ದುಡ್ಡು ಕೇಳ್ತಾನೆ! ಒಡಹುಟ್ಟಿದವಳ ಹತ್ರ ನೀನು ದುಡ್ಡು ತಗೊಳ್ತೀಯಾ? ಇವನೇ ಹೊಡ್ಕೊಳ್ಳೋಕೆ ನೋಡ್ತಿದಾನೆ ಅಂತ ಪೊಟ್ಟಣ ಸಮೇತ ಓಡಿಸ್ದೆ. ನಿನ್ನ ಮರ್ಯಾದೆ ಉಳಿಸಿದೀನಿ ನೋಡು."

ಆ ಮರ್ಯಾದೆಗೆ ಬಿದ್ದ ಫೀಸು ನೂರಾ ನಲವತ್ತು.

ಕೊಸರು

ಮೂರನೇ ತಿಂಗಳಲ್ಲಿ ಹದಿನೈದು ದಿನ ಬಾಕಿ. ಕೈಗೆ ಉಳಿಯುತ್ತಿದ್ದದ್ದು ಅಂಗಡಿಯ ರೇಟಿಗಿಂತ ಕಡಿಮೆ. ಎಲ್ಲವನ್ನೂ ತಿನ್ನುತ್ತಿದ್ದದ್ದು ತೂಕದ ಫೀಸು. ಅರ್ಧ ಕೆಜಿಯವರೆಗೆ ಒಂದು ದರ, ಅದರ ಮೇಲೆ ಒಂದು ಗ್ರಾಂ ಹೋದರೂ ಇಡೀ ಕೆಜಿಯ ದರ. ಹಪ್ಪಳ ನಾನೂರು ಗ್ರಾಂ, ಡಬ್ಬ ಎಪ್ಪತ್ತು. ಆದರೂ ಪ್ರತಿ ಪೊಟ್ಟಣಕ್ಕೂ ಕೆಜಿಯ ದರವೇ ಬೀಳುತ್ತಿತ್ತು.

ಎದುರಿಗೆ ಜಗಳ ನನ್ನಿಂದಾಗದು. ಇಂಗ್ಲಿಷಿನಲ್ಲಿ ಬರೆದು ಆಡಬಲ್ಲೆ. ನಿಮ್ಮ ತಕ್ಕಡಿ ಸರಿಯಿಲ್ಲ ಅಂತ ಕಂಪನಿಗೆ ಎರಡು ಪುಟ ಬರೆದೆ. ಅವರು ತಕ್ಕಡಿಯ ಮೇಲೆ ಕೂತ ನಮ್ಮ ಪೊಟ್ಟಣದ ಫೋಟೊ ಕಳಿಸಿದರು: ಐನೂರಾ ಅರವತ್ತೈದು.

ಮುಂದಿನ ಪ್ಯಾಕಿಂಗ್ ದಿನ ಮೂಲೆಯಲ್ಲಿ ಕೂತು ನೋಡಿದೆ. ತೀರ್ಥಹಳ್ಳಿಯವರು ಸರಿಯಾಗಿ ನಾನೂರು ತೂಗಿದರು. ಆಚೀಚೆ ನೋಡಿ ಮೂರು ಹಪ್ಪಳ ಸೇರಿಸಿದರು. ಡಬ್ಬಕ್ಕೆ ತುಂಬುವ ಖಜಾಂಚಿ ಸೆರಗಿನ ಮರೆಯಲ್ಲಿ ಮೂರು. ಮುಚ್ಚಿ ಟೇಪ್ ಹಚ್ಚುವುದು ಅತ್ತೆ. ಅವರೂ ಮೂರು!

"ಅತ್ತೆ, ಇದೆಂತ?" ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು.

"ಕೊಸರು! ಅಳೆದು ಕೊಟ್ಟ ಮೇಲೆ ಮೇಲಿಂದ ನಾಕು ಹಾಕದಿದ್ರೆ ಅದು ವ್ಯಾಪಾರವಾ? ಇವರಿಬ್ಬರಿಗೂ ಕೈ ಬತ್ತಿಲ್ಲೆ ಹೇಳಿ ನಾನೇ ಹಾಕ್ತಾ ಇದ್ದಿ."

"ನಿಮಗೆ ಕೈ ಬರಲ್ಲ ಅಂತ ನಾವು ಹಾಕ್ತಿದ್ವಿ!" ಅಂದರು ಉಳಿದಿಬ್ಬರು.

ಕೊಸರು ನಿಲ್ಲಿಸಲು ಯಾರೂ ಒಪ್ಪಲಿಲ್ಲ. ಕೊನೆಗೆ ತೀರ್ಮಾನವಾಯಿತು: ಪೊಟ್ಟಣಕ್ಕೆ ಎರಡೇ ಹಪ್ಪಳ ಕೊಸರು, ಹಾಕುವವಳು ಒಬ್ಬಳೇ. ಎಲ್ಲರಿಗಿಂತ ಕೈಬಿಗಿ ನನ್ನದೇ ಅಂತ ಒಮ್ಮತದಿಂದ ನನ್ನನ್ನು ಆರಿಸಿದರು.

ತಿಂಗಳ ಕೊನೆಯ ಸಭೆ. ಕೊನೆಯ ಹದಿನೈದು ದಿನದ ಬಿಲ್ಲಿನಲ್ಲಿ ಪೊಟ್ಟಣಕ್ಕೆ ಅಂಗಡಿಗಿಂತ ಹದಿನೆಂಟು ರೂಪಾಯಿ ಜಾಸ್ತಿ ಉಳಿದಿತ್ತು. "ಅಂಗಡಿ ಬ್ಯಾಡ, ಇದೇ ಇರ್ಲಿ" ಅಂದರು ಅತ್ತೆ. ನಾನು ಉಸಿರು ಬಿಟ್ಟೆ. ಅತ್ತೆ ಮಾತ್ರ ಬಿಲ್ಲು ಬಿಡಲಿಲ್ಲ. ಬೆರಳಿಟ್ಟು ಒಂದೊಂದೇ ಸಾಲು ಓದುತ್ತ ಹೋದರು.

"ಇದೊಂದು ಪೊಟ್ಟಣಕ್ಕೆ ಮಾತ್ರ ಕೆಜಿ ಫೀಸು ಬಿದ್ದಿದ್ದು. ಎಂತಕ್ಕೆ?"

ಎಲ್ಲರೂ ನನ್ನ ಕಡೆ ತಿರುಗಿದರು. ಅದು ದಿಲ್ಲಿಯ ಹಾಸ್ಟೆಲ್ಲಿಗೆ ಹೋದದ್ದು. ವಿಳಾಸದ ಕೆಳಗೆ ಆ ಹುಡುಗಿ, "ನಾನು ಇಕ್ಕೇರಿ ಕಡೆಯವಳು, ಬೇಗ ಕಳಿಸಿ" ಅಂತ ಬರೆದಿದ್ದಳು. ನಮ್ಮೂರ ಪಕ್ಕದ ಕೂಸು, ಕೈ ತಡೆಯಲಿಲ್ಲ.

"ಎಷ್ಟು ಹಾಕಿದ್ದೆ?"

"ಹನ್ನೆರಡು," ಅಂದೆ, ಕೇಳಿಸದ ಹಾಗೆ.

ಅತ್ತೆ ಕನ್ನಡಕ ತೆಗೆದರು. "ಹನ್ನೆರಡೇಯಾ? ಇಷ್ಟು ಓದಿ ಎಂತ ಬಂತು ಕೂಸೇ! ಇಡೀ ಕೆಜಿ ಫೀಸು ಹ್ಯಾಂಗಿದ್ರೂ ಕೊಟ್ಟಾತು, ಕೆಜಿ ತುಂಬುವಷ್ಟು ಹಾಕದು ಅಲ್ದನೇ!"